ಕುಮುದಳಿಗೆ ಹೊತ್ತ ಹರಕೆ

ಹೊಸನಗರದ ಸೀತಾರಾಮಪ್ಪನವರು ಕಾದಂಬರಿ ಬರೆದರೆಂದರೆ ನಾಯಕಿ ಸಾಯಲೇಬೇಕು. ಅದೇನು ಹಟವೋ ಪುಣ್ಯಾತ್ಮರಿಗೆ. ಲಿಂಗನಮಕ್ಕಿ ಅಣೆಕಟ್ಟು ಏಳುವ ಮೊದಲೇ ಒಬ್ಬಳನ್ನು ಶರಾವತಿಗೆ ನೂಕಿದ್ದರು, ಇನ್ನೊಬ್ಬಳಿಗೆ ಹಾವು ಕಚ್ಚಿಸಿದ್ದರು. ಆಮೇಲೆ ಟಪಾಲು ಬಸ್ಸು ಬರುವ ಹೊತ್ತಿಗೆ ಎಲೆಯಡಿಕೆ ಹಾಕಿಕೊಂಡು ಜಗುಲಿಯಲ್ಲಿ ಕೂತರಾಯಿತು, ಓದುಗರ ಕಾಗದಗಳು ಕಂತೆಕಂತೆಯಾಗಿ ಬರುತ್ತಿದ್ದವು. 'ಆ ದಿನ ನಮ್ಮನೆಯಲ್ಲಿ ಒಲೆ ಹಚ್ಚಲಿಲ್ಲ' ಎಂದು ಧಾರವಾಡದವರೊಬ್ಬರು ಬರೆದಿದ್ದ ಕಾರ್ಡನ್ನು ಬಂದವರಿಗೆಲ್ಲ ತೋರಿಸಿ, "ಪಾಪ" ಎನ್ನುತ್ತ ಒಳಗೊಳಗೇ ಉಬ್ಬುತ್ತಿದ್ದರು. ಎಲ್ಲರಿಗೂ ಸಮಾಧಾನದ ಉತ್ತರ ಬರೆಯುವುದರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು.

ಈ ಸಲ ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯ ನಾಯಕಿ ಕುಮುದ. ಅವಳಿಗೆ ವಿಷಮಶೀತ ಜ್ವರ. ಶುಕ್ರವಾರ ಬೆಳಿಗ್ಗೆ ಸೀತಾರಾಮಪ್ಪ ಕೊನೆಯ ಕಂತಿನಲ್ಲಿ ಅವಳ ಕಣ್ಣು ಮುಚ್ಚಿಸಿ, ಲಕೋಟೆ ಅಂಟಿಸಿ, ತಾವೇ ಹೋಗಿ ಅಂಚೆಗೆ ಕೊಟ್ಟು ಬಂದರು. ಬಹಳ ಚೆನ್ನಾಗಿ ಸತ್ತಿದ್ದಳು. ಬರೆಯುವಾಗ ಅವರಿಗೇ ಅಳು ಬಂದಿತ್ತು.

ಹುಂಚದ ಪದ್ಮಾವತಿ ಬಸದಿಗೆ ಹೋಗಿದ್ದ ತಾಯಿ ವರದಮ್ಮ ಮಧ್ಯಾಹ್ನದ ಬಸ್ಸಿಗೆ ಮನೆಗೆ ಮರಳಿದರು. ಅಕ್ಷರ ಬಾರದ ಮುದುಕಿ. ಪತ್ರಿಕೆ ಬಂದ ಕೂಡಲೇ ಸೊಸೆ ವಿಶಾಲಮ್ಮನ ಕೈಲಿ ಓದಿಸಿ ಕೇಳುವವರು. ಮಕ್ಕಳಿಲ್ಲದ ಆ ಮನೆಯಲ್ಲಿ ಸಂಜೆಯ ಸದ್ದೆಂದರೆ ಆ ಓದೊಂದೇ. ವರದಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಹೂ ತೆಗೆದು ಮಗನ ಕೈಗಿಟ್ಟರು.

"ಪದ್ಮಾವತಮ್ಮಂಗೆ ಸೀರೆ ಹರಕೆ ಹೊತ್ಕೊಂಡೆ ಕಣೋ. ಕುಮುದ ಉಳೀತಾಳಾ ಅಂತ ಕೇಳ್ದೆ. ದೇವ್ರ ಬಲಗಡೆಯಿಂದ್ಲೇ ಹೂ ಬಿತ್ತು. ಇನ್ನು ಹೆದರಿಕೆ ಇಲ್ಲ."

ಸೀತಾರಾಮಪ್ಪ ಗಾಬರಿಯಾದರು. "ಅಮ್ಮಾ, ಅದು ಕಥೆ. ನಾನು ಬರೆಯೋದು."

"ಕಥೆ ಅಂತ ನಂಗೊತ್ತಿಲ್ವಾ? ಬರೆಯೋನು ನೀನು ಅಂತ್ಲೇ ದೇವ್ರ ಹತ್ರ ಹೋಗಿದ್ದು. ನಿನ್ನ ಬುದ್ಧಿ ನಂಗೆ ಗೊತ್ತಲ್ಲ."

ವಿಶಾಲಮ್ಮ ಬಾಗಿಲ ಮರೆಯಲ್ಲಿ ನಗು ತಡೆದುಕೊಂಡು ನಿಂತರು. ಸೀತಾರಾಮಪ್ಪ ನಗಲಿಲ್ಲ. ಅಮ್ಮನ ಪದ್ಮಾವತಿ ಈವರೆಗೆ ಕೊಟ್ಟ ಮಾತಿಗೆ ತಪ್ಪಿದವಳಲ್ಲ. ಈಗ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಅದನ್ನು ಸುಳ್ಳು ಮಾಡಿಬಿಟ್ಟರೆ ಮುದುಕಿ ಇನ್ನು ಯಾರನ್ನು ನಂಬಬೇಕು? ಅತ್ತ ನೋಡಿದರೆ ಅಂಥ ಸಾವು, ಅದಕ್ಕೆ ಬರಬಹುದಾದ ಅಷ್ಟೊಂದು ಕಾಗದ! ಹೂವನ್ನೊಮ್ಮೆ ನೋಡಿದರು, ತಾಯಿಯ ಮುಖ ನೋಡಿದರು. ಅಂಗಿಯ ಗುಂಡಿಯನ್ನೂ ಹಾಕದೆ ಅಂಚೆ ಕಚೇರಿಗೆ ಓಡಿದರು.

ಟಪಾಲು ಚೀಲ ಆಗಲೇ ಸಾಗರದ ದಾರಿ ಹಿಡಿದಿತ್ತು. ಸರಿ, ತಂತಿಯೇ ಗತಿ. ಬೆಂಗಳೂರಿನ ಸಂಪಾದಕರಿಗೆ ಇಂಗ್ಲಿಷಿನಲ್ಲಿ ಬರೆದರು: ಕುಮುದ ಸತ್ತಿಲ್ಲ, ಕೊನೆಯ ಕಂತು ತಡೆಯಿರಿ, ಬೇರೆ ಬರುತ್ತದೆ.

ಪೋಸ್ಟ್‌ಮಾಸ್ಟರ್ ಗಿರಿಯಪ್ಪ ಅದನ್ನೋದಿ ಕನ್ನಡಕದ ಮೇಲಿಂದ ದುರುಗುಟ್ಟಿ ನೋಡಿದರು. "ಅಂದ್ರೆ ಬೆಳಿಗ್ಗೆ ನನ್ನ ಕೈಲೇ ಮೊಹರು ಹೊಡೆಸಿ ಕೊಂದಿದ್ರಾ? ನಮ್ಮನೇಲಿ ಗೊತ್ತಾದ್ರೆ ನಂಗೆ ಅನ್ನ ಹಾಕಲ್ಲ." 'ತುರ್ತು' ಎಂದು ತಾವೇ ಸೇರಿಸಿ ಕಳಿಸಿದರು.

ಕುಮುದ ಉಳಿದಳು. ಗಂಜಿ ಕುಡಿದಳು, ಎದ್ದು ಓಡಾಡಿದಳು. ಪತ್ರಿಕೆ ಬಂದ ವಾರ ಟಪಾಲು ಬಸ್ಸಿನಲ್ಲಿ ಬಂದದ್ದು ಒಂದೇ ಕಾರ್ಡು, ಅದೂ ಧಾರವಾಡದ್ದು: 'ಇತ್ತೀಚೆಗೆ ತಮ್ಮ ಕೈ ಸೋತಂತಿದೆ.' ಸೀತಾರಾಮಪ್ಪ ಅದನ್ನು ಯಾರಿಗೂ ತೋರಿಸಲಿಲ್ಲ.

ಮರುದಿನ ಹರಕೆ ಸೀರೆ ಹಿಡಿದು ತಾಯಿಯ ಹಿಂದೆ ಹುಂಚಕ್ಕೆ ಹೋದರು. ಅರ್ಚಕರು ತಟ್ಟೆ ತೆಗೆದುಕೊಂಡು ಯಾರ ಹೆಸರಲ್ಲಿ ಎಂದು ಕೇಳಿದರು.

"ಕುಮುದ," ಎಂದರು ವರದಮ್ಮ.

"ನಿಮಗೇನಾಗಬೇಕು?"

ಸೀತಾರಾಮಪ್ಪ ನಾಚಿ ಮುದುಡಿ ನಿಂತರು. ವರದಮ್ಮ ಮಗನ ಕಡೆ ತಿರುಗಿಯೂ ನೋಡಲಿಲ್ಲ.

"ಮೊಮ್ಮಗಳು. ಇವನ ಮಗಳು."

ಅರ್ಚಕರು ಸೀತಾರಾಮಪ್ಪನವರ ಮುಖ ನೋಡಿ ಮೆಲ್ಲಗೆ ಕೇಳಿದರು: "ಈಗ ಹುಷಾರಾಗಿದ್ದಾಳಾ?"

ಸೀತಾರಾಮಪ್ಪ ತಲೆಯೆತ್ತಿದರು. "ಹೂಂ, ಹುಷಾರಾಗಿದ್ದಾಳೆ," ಎಂದರು. "ಗಂಜಿ ಕುಡೀತಿದ್ದಾಳೆ."