ಮರೆಯುವ ಬಿಳಿ, ನೆನಪಿಡುವ ಕರಿ

ಅಣ್ಣನ ಬಲಗೈಯ ನಾಲ್ಕು ಬೆರಳುಗಳನ್ನು ತಗಡು ಒತ್ತುವ ಪ್ರೆಸ್ಸು ತಿಂದು ಅವತ್ತಿಗೆ ನಲವತ್ತೊಂದು ದಿನ. ಹೆಬ್ಬೆರಳೊಂದನ್ನು ಬಿಟ್ಟಿತ್ತು, ಅಣಕಿಸುವುದಕ್ಕೆಂಬಂತೆ. ಕಾರ್ಖಾನೆಯ ಪತ್ರದಲ್ಲಿ ಒಂದೇ ಸಾಲಿನ ತೀರ್ಪಿತ್ತು: ಕೆಲಸಗಾರ ಬೆಳಕಿನ ಪರದೆಯನ್ನು ತಾನೇ ಆರಿಸಿ ಕೈ ಹಾಕಿದ್ದಾನೆ.

ಬೆಳಕಿನ ಪರದೆ ಎಂದರೆ ಪ್ರೆಸ್ಸಿನ ಬಾಯಿಯ ಎರಡೂ ಪಕ್ಕ ನಿಂತ ಎರಡು ಹಳದಿ ಕಂಬ. ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕು ಹಾಯುತ್ತಿರುತ್ತದೆ. ಅದಕ್ಕೆ ಕೈ ಅಡ್ಡ ಬಂದರೆ ಸಾಕು, ಇಳಿಯುತ್ತಿರುವ ಇನ್ನೂರು ಟನ್ನಿನ ಅಚ್ಚು ಅಲ್ಲೇ ನಿಲ್ಲಬೇಕು. ಪರದೆ ಆರಿಸಿದರೆ ಪ್ರೆಸ್ಸಿಗೆ ತಗಡೂ ಒಂದೇ, ಬೆರಳೂ ಒಂದೇ.

"ನಾನು ಆರಿಸಿದ್ನಂತೆ! ನನ್ನ ಕೈ ನನಗೇ ಭಾರ ಆಗಿತ್ತಂತೆ!" ಎಂದು ಅಣ್ಣ ಎಡಗೈಯಿಂದ ಸ್ಟೀಲ್ ಲೋಟ ಬೀಸಿದ. ಗೋಡೆಗೆ ಗುರಿಯಿಟ್ಟದ್ದು ತಂಗಿಯ ಹುಬ್ಬಿಗೆ ಬಿತ್ತು. ಎಡಗೈ ಇನ್ನೂ ಗುರಿ ಕಲಿತಿರಲಿಲ್ಲ.

ಅವಳು ರಕ್ತ ಒರೆಸಿಕೊಂಡು ಮತ್ತೆ ಅಡುಗೆಮನೆಯ ಮೇಜಿನ ಮುಂದೆ ಕೂತಳು. ಬೇರೆಯವರ ಕಂಪ್ಯೂಟರ್ ಜಾಲಗಳಿಗೆ ಕನ್ನ ಹಾಕುವುದು ಅವಳ ಕೆಲಸ. ಅವರೇ ಕರೆದು, ಸಹಿ ಮಾಡಿ, ಹಾಕಿಸಿಕೊಳ್ಳುವ ಕನ್ನ. ಎಲ್ಲೆಲ್ಲಿ ಬಾಗಿಲು ತೆರೆದಿದೆ ಎಂದು ವರದಿ ಕೊಟ್ಟು ಬರಬೇಕು. ಆವತ್ತಿನ ಸರದಿ ಅಣ್ಣನ ಕಾರ್ಖಾನೆಯದು. ಅವಳು ಯಾರ ತಂಗಿ ಎಂಬುದು ಅಲ್ಲಿಯವರಿಗೆ ಗೊತ್ತಿರಲಿಲ್ಲ, ಅವಳ ಕಚೇರಿಗೂ ಗೊತ್ತಿರಲಿಲ್ಲ. ಪರದೆಯನ್ನು ಯಾರು, ಯಾವಾಗ ಆರಿಸಿದರು ಎಂಬುದು ಪ್ರೆಸ್ಸನ್ನು ಆಳುವ ಪುಟ್ಟ ಪೆಟ್ಟಿಗೆಯಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತದೆ. ಆ ಪಟ್ಟಿ ಸಿಕ್ಕರೆ ಅಣ್ಣ ನಿರಪರಾಧಿ.

ಮೇಜಿನ ಮೇಲೆ ಎರಡು ಪೆನ್‌ಡ್ರೈವ್. ಒಂದಕ್ಕೆ ಬಿಳಿ ಉಗುರುಬಣ್ಣ, ಇನ್ನೊಂದಕ್ಕೆ ಕರಿ.

"ಏನೇ ಗುಬ್ಬಿ, ಹೆಣ್ಣು ನೋಡೋಕೆ ಬಂದವರ ಥರ ಅರ್ಧ ಗಂಟೆಯಿಂದ ದಿಟ್ಟಿಸ್ತಾ ಇದ್ದೀಯ?" ಎಂದ ಅಣ್ಣ. ಕ್ಷಮೆ ಕೇಳುವುದೆಂದರೆ ಅವನಿಗೆ ತಮಾಷೆ ಮಾಡುವುದು.

"ಎರಡರಲ್ಲೂ ಒಂದೊಂದು ಪೂರ್ತಿ ಆಪರೇಟಿಂಗ್ ಸಿಸ್ಟಮ್ ಇದೆ ಅಣ್ಣ. ಯಾರ ಕಂಪ್ಯೂಟರಿಗಾದರೂ ಚುಚ್ಚಿ ಆನ್ ಮಾಡಿದ್ರೆ, ಅದರ ಒಳಗೆ ಮಲಗಿರೋದನ್ನ ಎಬ್ಬಿಸದೆ ಇದೇ ಎದ್ದು ಕೂರುತ್ತೆ."

"ಮನೆ ಅಳಿಯ."

"ಹೂಂ. ಬಿಳಿ ಅಳಿಯ ಪೂರ್ತಿಯಾಗಿ ಮೆಮೊರಿಗೆ ಹತ್ತಿಬಿಡ್ತಾನೆ. ಆಮೇಲೆ ಪೆನ್‌ಡ್ರೈವ್ ಕಿತ್ತರೂ ಕೆಲಸ ನಡೀತಿರುತ್ತೆ. ಆದ್ರೆ ಸ್ವಿಚ್ ಆರಿಸಿದ್ರೆ ಎಲ್ಲಾ ಮರೆತುಬಿಡ್ತಾನೆ, ಆ ಮನೆಗೆ ಕಾಲೇ ಇಟ್ಟಿಲ್ಲ ಅನ್ನೋ ಹಾಗೆ. ಕರಿಯ ಕಂಡಿದ್ದೆಲ್ಲ ಬರೆದಿಟ್ಕೋತಾನೆ. ಆದ್ರೆ ಕೊನೇ ತನಕ ಚುಚ್ಚಿಕೊಂಡೇ ಇರಬೇಕು. ಮಧ್ಯೆ ಕಿತ್ತರೆ ಅಲ್ಲೇ ಕಲ್ಲು."

"ಮತ್ತೇನು ಯೋಚನೆ? ನೆನಪಿರೋನ್ನ ಕರ್ಕೊಂಡು ಹೋಗು."

ಯೋಚನೆ ಇತ್ತು. ನೋಡು, ಮುಟ್ಟಬೇಡ, ಮನೆಗೆ ತರಬೇಡ ಎಂದು ಅವಳಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಎಂಟು ವರ್ಷ ಬಿಳಿಯನ್ನು ಬಿಟ್ಟು ಬೇರೊಂದನ್ನು ಯಾರ ಹೊಸ್ತಿಲೂ ದಾಟಿಸಿರಲಿಲ್ಲ. ಅಣ್ಣ ಬಟ್ಟೆ ಸುತ್ತಿದ ಮುಷ್ಟಿಯನ್ನು, ಮುಷ್ಟಿಯಲ್ಲದ ಅದನ್ನು, ಮೇಜಿನ ಮೇಲಿಟ್ಟ. ಅವಳು ಕರಿಯದನ್ನು ಜೇಬಿಗೆ ಹಾಕಿಕೊಂಡಳು. ಬಿಳಿಯದು ಎಂದಿನಂತೆ ಕೀಲಿಗೊಂಚಲಿಗೆ ಹೋಯಿತು.

ಕಾರ್ಖಾನೆಯಲ್ಲಿ ನೆಲವೇ ಗುದ್ದುತ್ತಿತ್ತು. ಪ್ರೆಸ್ಸಿನೆದುರಿಗೆ ಗಾಜಿನ ಕೋಣೆ, ಅದರೊಳಗೆ ಒಂದು ಕಂಪ್ಯೂಟರು. ಗಾಜಿನಾಚೆ ಅಣ್ಣನ ಜಾಗದಲ್ಲಿ ಈಗ ಒಬ್ಬ ದಪ್ಪ ಹೆಂಗಸು ನಿಂತಿದ್ದಳು. ಎಲ್ಲರೂ ಅವಳನ್ನು ತಗಡಕ್ಕ ಎನ್ನುತ್ತಿದ್ದರು. ಎಡಗೈಲಿ ತಗಡು ಒಳಕ್ಕೆ, ಕಾಲಲ್ಲಿ ಪೆಡಲ್, ಧಡ್, ಬಲಗೈಲಿ ಕಬ್ಬಿಣದ ಕೊಕ್ಕೆಯಿಂದ ಹೊರಕ್ಕೆ. ಹಿಂದೆ ಮೇಲ್ವಿಚಾರಕ ಗಡಿಯಾರ ನೋಡುತ್ತಾ ತಿರುಗುತ್ತಿದ್ದ. ಅವನ ಕುತ್ತಿಗೆ ನೋಡಿ ಕೆಲಸಗಾರರು ಗೂಳಿ ಎಂದು ಹೆಸರಿಟ್ಟಿದ್ದರು.

ಕಂಪ್ಯೂಟರಿಗೆ ಚುಚ್ಚಿದ ಕರಿಯದು ಎದ್ದಿತು. ಪ್ರೆಸ್ಸಿನ ಪೆಟ್ಟಿಗೆಗೆ ಒಂದು ಪಾಸ್‌ವರ್ಡೂ ಇರಲಿಲ್ಲ. ದಾರಿಹೋಕನೂ ನುಗ್ಗಿ ಅಪ್ಪಣೆ ಕೊಡಬಹುದಿತ್ತು. ಪಟ್ಟಿ ಬಿಚ್ಚಿಕೊಂಡಿತು. ಪರದೆ ಆರಿಸಿದ್ದು ಬೆಳಿಗ್ಗೆ ಎಂಟೂ ಹತ್ತು, ಮೇಲ್ವಿಚಾರಕನ ಮೇಜಿನ ಕಂಪ್ಯೂಟರಿನಿಂದ. ಮತ್ತೆ ಹಚ್ಚಿದ್ದು ಸಂಜೆ ಐದಕ್ಕೆ. ಪ್ರತಿದಿನವೂ ಹೀಗೆ. ಪರದೆ ಇಲ್ಲದಿದ್ದರೆ ದಿನಕ್ಕೆ ನಾನೂರು ತಗಡು ಹೆಚ್ಚಿಗೆ ಬೀಳುತ್ತದೆ. ಅಣ್ಣನ ಕೈ ಹೋದದ್ದು ಹನ್ನೊಂದೂ ಇಪ್ಪತ್ತೆರಡಕ್ಕೆ. ಆ ಒಂದು ದಿನ ಮಾತ್ರ ಪರದೆ ಮತ್ತೆ ಹತ್ತಿದ್ದು ಹನ್ನೊಂದೂ ಇಪ್ಪತ್ತಾರಕ್ಕೆ. ಅಣ್ಣ ನೆಲದ ಮೇಲೆ ಹೊರಳಾಡುತ್ತಿದ್ದಾಗ ಗೂಳಿ ಮೊದಲು ಓಡಿದ್ದು ತನ್ನ ಮೇಜಿಗೆ.

ಪಟ್ಟಿ ಕರಿಯದರೊಳಕ್ಕೆ ಇಳಿಯಿತು. ಎದ್ದು ಹೋದರಾಯಿತು. ಆದರೆ ಕೊನೆಯ ಸಾಲು ಇವತ್ತಿನದು: ಆರಿಸು, ಎಂಟೂ ಹತ್ತು. ಗಾಜಿನಾಚೆ ತಗಡಕ್ಕನ ಕೈ ಒಳಗೆ ಹೋಗುತ್ತಿತ್ತು, ಬರುತ್ತಿತ್ತು, ಧಡ್.

ಇಲ್ಲಿಂದಲೇ ಪರದೆ ಹಚ್ಚಬಹುದು. ಹಚ್ಚಿದರೆ ಪಟ್ಟಿಯ ಕೊನೆಯ ಸಾಲು ತನ್ನದಾಗುತ್ತದೆ. ತಂಗಿಯೇ ಒಳಗೆ ಕೈಯಾಡಿಸಿದ್ದಾಳೆ, ಹಿಂದಿನ ಸಾಲುಗಳೂ ಅವಳೇ ಹೆಣೆದದ್ದು ಎನ್ನುತ್ತಾರೆ.

ತಗಡು ಓರೆಯಾಯಿತು. ತಗಡಕ್ಕ ಸರಿಪಡಿಸಲು ಮೊಣಕೈವರೆಗೆ ಕೈ ತೂರಿಸಿದಳು.

ತಂಗಿ ಅಪ್ಪಣೆ ಬರೆದು ಗುಂಡಿ ಒತ್ತಿದಳು. ಅದೇ ಗಳಿಗೆಗೆ ಬಾಗಿಲು ಗೋಡೆಗೆ ಬಡಿಯಿತು.

"ನಿಮ್ಮಣ್ಣ ಗೇಟ್ ಹತ್ರ ನಿಂತು ಬೊಬ್ಬೆ ಹೊಡೀತಿದಾನೆ," ಎಂದ ಗೂಳಿ. "'ನನ್ನ ತಂಗಿ ಒಳಗಿದಾಳೆ, ಇವತ್ತು ನಿಮ್ಮ ಚರ್ಮ ಸುಲೀತಾಳೆ' ಅಂತ. ನಿಜಾನಾ ಮೇಡಮ್?"

ಅಣ್ಣನಿಗೆ ಗುಟ್ಟೆಂದರೆ ಬಿಸಿ ಕೆಂಡ, ಬಾಯಲ್ಲಿ ನಿಲ್ಲದು. ಅವಳು ಬಾಯಿ ತೆರೆಯುವ ಮೊದಲೇ ಗೂಳಿ ಕರಿಯದನ್ನು ಕಿತ್ತ. ಪರದೆ ಹತ್ತಿತೋ ಇಲ್ಲವೋ ಎಂಬ ಉತ್ತರ ಬರುವ ಮುನ್ನವೇ ಸ್ಕ್ರೀನು ಕಲ್ಲಾಯಿತು. ಬಿಳಿಯದಾಗಿದ್ದರೆ ಅದು ನಡೆಯುತ್ತಲೇ ಇರುತ್ತಿತ್ತು. ಗೂಳಿ ಕರಿಯದನ್ನು ಬೂಟಿನಡಿ ಹಾಕಿ ಅರೆದ. ಆಮೇಲೆ ಅವಳ ಕೂದಲು ಹಿಡಿದು ಹಣೆಯನ್ನು ಮೇಜಿಗೆ ಒಂದು ಸಲ, ಎರಡು ಸಲ ಗುದ್ದಿದ. ಬೆಳಗಿನ ಗಾಯ ಬಿಚ್ಚಿಕೊಂಡಿತು. ಬಾಯಲ್ಲಿ ಒಂದು ಹಲ್ಲು ಕಲ್ಲಿನ ಹರಳಿನಂತೆ ಉರುಳಾಡಿತು.

"ಪ್ರೆಸ್ಸಲ್ಲಿ ಏನಿದೆ ಅಂತ ನೋಡೋಕೆ ಬಂದಿದ್ದಲ್ವಾ? ಬಾ, ಹತ್ತಿರದಿಂದ ನೋಡು!"

ಅವನು ಅವಳನ್ನು ದರದರನೆ ಎಳೆದುಕೊಂಡು ಹೋದ. ತಗಡಕ್ಕನನ್ನು ಭುಜದಿಂದ ನೂಕಿ ತಂಗಿಯ ಬಲಗೈಯನ್ನು ಅಚ್ಚಿನ ಮೇಲೆ ಒತ್ತಿ ಹಿಡಿದ. ಕಬ್ಬಿಣ ಎಣ್ಣೆಯಿಂದ ಬೆಚ್ಚಗಿತ್ತು. "ಇದೂ ತಾನಾಗೇ ಕೈ ಹಾಕಿದೆ, ನೋಡ್ಕೊಳ್ರೋ ಎಲ್ಲಾ!" ಎಂದು ಕೂಗಿ ಪೆಡಲ್ ತುಳಿದ.

ಅಚ್ಚು ಇಳಿಯಿತು. ತನ್ನ ಅಪ್ಪಣೆ ತಲುಪಿತ್ತೋ, ಅರ್ಧ ದಾರಿಯಲ್ಲಿ ಸತ್ತಿತ್ತೋ ಅವಳಿಗೆ ಗೊತ್ತಿರಲಿಲ್ಲ. ಅವಳು ಕಣ್ಣು ಮುಚ್ಚಲಿಲ್ಲ.

ಅಚ್ಚು ಬೆರಳುಗಳಿಗಿಂತ ಒಂದು ಗೇಣು ಮೇಲೆ ಬುಸ್ಸೆಂದು ನಿಂತಿತು.

ಗೂಳಿ ಮತ್ತೆ ತುಳಿದ. ಅಲುಗಲಿಲ್ಲ. ಹಳದಿ ಕಂಬದ ತುದಿಯಲ್ಲಿ, ಯಾರೂ ಕೆಲಸದ ಹೊತ್ತಿನಲ್ಲಿ ಕಂಡಿರದ ಒಂದು ಕೆಂಪು ದೀಪ ಹತ್ತಿತ್ತು.

"ಇದು ಹೆಂಗೆ ನಿಲ್ತು?" ಅವನ ದನಿ ಕೀರಲಾಯಿತು. "ಬೆಳಿಗ್ಗೆ ನಾನೇ ಆಫ್ ಮಾಡಿದ್ನಲ್ಲ! ದಿನಾ ಮಾಡ್ತೀನಲ್ಲ!"

ಇಡೀ ಶೆಡ್ಡಿನ ಯಂತ್ರಗಳು ಒಂದೊಂದಾಗಿ ನಿಂತವು. ಮೂವತ್ತು ಜನ ಕೇಳಿಸಿಕೊಂಡಿದ್ದರು. ತಗಡಕ್ಕ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಕೊಕ್ಕೆ ಎತ್ತಿ ಗೂಳಿಯ ಮಣಿಕಟ್ಟಿಗೆ ಬೀಸಿದಳು. ಒಣ ಕಡ್ಡಿ ಮುರಿದಂಥ ಸದ್ದು.

ಮುಂದಿನದಕ್ಕೆ ಲೆಕ್ಕವಿಲ್ಲ. ಬೂಟು, ಸ್ಪ್ಯಾನರ್, ಬರಿಗೈ. ಗೇಟಿನ ಕಾವಲುಗಾರರನ್ನು ತಳ್ಳಿಕೊಂಡು ಅಣ್ಣ ಒಳಗೆ ಬರುವ ಹೊತ್ತಿಗೆ ಗೂಳಿಯ ಮುಖದಲ್ಲಿ ಮುಖ ಉಳಿದಿರಲಿಲ್ಲ. ನಾಲ್ವರು ಅವನ ತೋಳನ್ನು ಅಚ್ಚಿನ ಮೇಲೆ ಚಾಚಿ ಹಿಡಿದಿದ್ದರು. ಅಣ್ಣ ಪೆಡಲ್ ತುಳಿದ. ಪ್ರೆಸ್ಸು ಬುಸ್ಸೆಂದು ನಿಂತಿತು. ಮತ್ತೆ ತುಳಿದ. ಮತ್ತೆ ನಿಂತಿತು.

"ಗುಬ್ಬಿ," ಎಂದ ಅಣ್ಣ, ತಿರುಗದೆ. "ಪರದೆ ಆರಿಸು."

"ಅಣ್ಣಾ, ಅವನೇ ಒಪ್ಪಿಕೊಂಡ. ಎಲ್ಲರೂ ಕೇಳಿದಾರೆ. ನಿನ್ನ ತಪ್ಪಿಲ್ಲ ಅಂತ..."

"ಕೇಳಿದ್ರೆ ಬೆರಳು ಚಿಗುರುತ್ತಾ? ನನ್ನ ತಂಗೀನೇ ಆದ್ರೆ ಆರಿಸು!"

ಅವಳು ಹಲ್ಲು ಉಗಿದು ಗಾಜಿನ ಕೋಣೆಗೆ ನಡೆದಳು. ಜನ ದಾರಿ ಬಿಟ್ಟರು. ಕೀಲಿಗೊಂಚಲಿನಿಂದ ಬಿಳಿಯದನ್ನು ಬಿಡಿಸಿ ಚುಚ್ಚಿ ಕಂಪ್ಯೂಟರನ್ನು ಮತ್ತೆ ಹಚ್ಚಿದಳು. ಬಿಳಿಯದು ಎದ್ದು ಕೂರಲು ಒಂದೂವರೆ ನಿಮಿಷ. ಅಷ್ಟೂ ಹೊತ್ತು ಹೊರಗೆ ಗೂಳಿ ಅಮ್ಮಾ, ಅಮ್ಮಾ ಎನ್ನುತ್ತಿದ್ದ. ಅಣ್ಣನೂ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಅಂದಿದ್ದ.

ಪೆಟ್ಟಿಗೆ ತೆರೆಯಿತು. ಆರಿಸು, ಹಚ್ಚು ಎಂಬ ಎರಡು ಆಯ್ಕೆಗಳ ಕೆಳಗೆ, ಯಾರೂ ಎಂದೂ ಮುಟ್ಟಿರದ ಮೂರನೆಯದಿತ್ತು: ಪಾಸ್‌ವರ್ಡ್ ಹಾಕು. ಅರವತ್ತು ಅಕ್ಷರದ್ದೊಂದನ್ನು ಹೊಸೆದು ಕೊಡು ಎಂದು ಬಿಳಿಯದಕ್ಕೆ ಹೇಳಿದಳು. ಅದು ಹೊಸೆದದ್ದನ್ನು ಚುಕ್ಕಿಗಳ ಮರೆಯಲ್ಲೇ ಪೆಟ್ಟಿಗೆಗೆ ಕೊಟ್ಟಳು. ತಾನೂ ಓದಲಿಲ್ಲ. ಬಗ್ಗಿ ಗೋಡೆಯ ಪ್ಲಗ್ ಎಳೆದಳು. ಬಿಳಿಯದು ಎಲ್ಲವನ್ನೂ ಮರೆಯಿತು. ಇನ್ನು ಆ ಪೆಟ್ಟಿಗೆಗೆ ಅಪ್ಪಣೆ ಕೊಡುವುದು ಅವಳಿಂದಲೂ ಆಗದು.

"ಆಯ್ತಾ?" ಎಂದು ಅಣ್ಣ ಕೂಗಿದ.

"ಆಯ್ತು."

ಅವನು ಪೆಡಲ್ ತುಳಿದ. ಅಚ್ಚು ಒಂದು ಗೇಣು ಮೇಲೆ ನಿಂತಿತು. ತುಳಿದ, ನಿಂತಿತು. ಅವನು ಗಾಜಿನಾಚೆ ತಂಗಿಯನ್ನು ನೋಡಿದ. ಅವಳ ಕೈಯಲ್ಲಿ ಕಿತ್ತ ವೈರು ನೇತಾಡುತ್ತಿತ್ತು. ಅಣ್ಣ ತುಟಿಯಲ್ಲೇ ಏನೋ ಬೈದ, ಗಾಜಿನಾಚೆಗೆ ಕೇಳಿಸಲಿಲ್ಲ. ಆಮೇಲೂ ತುಳಿಯುತ್ತಲೇ ಇದ್ದ. ಕೊನೆಗೆ ತಗಡಕ್ಕ ಬಂದು, ಬಟ್ಟೆ ಸುತ್ತಿದ ಆ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು, ಅವನ ಕಾಲನ್ನು ತನ್ನ ಕಾಲಿನಿಂದ ಪೆಡಲ್ ಮೇಲಿಂದ ಸರಿಸಿದಳು.