ಪರಿಹಾರ ಬೋಧನೆಯ ಪಿರಿಯಡ್ಡು

"ದನಾನಾದ್ರೂ ಕೂಗಿದ್ರೆ ತಲೆ ಎತ್ತುತ್ತೆ. ಆರು ಚೀಟಿ ಕಳ್ಸಿದ್ರೂ ನೀನು ಈ ಕಡೆ ತಿರುಗಿ ನೋಡ್ಲಿಲ್ವಲ್ಲ, ಹೆತ್ತೋಳಾ ನೀನು?"

ಹೆಡ್‌ಮಾಸ್ಟರ್ ದೇವೀರಪ್ಪನವರು ಹೀಗೆ ಕೇಳುವಾಗ ಮಾರಮ್ಮ ಇನ್ನೂ ಹೊಸ್ತಿಲಾಚೆಯೇ ನಿಂತಿದ್ದಳು. ಹಾನುಬಾಳಿನ ಆಚೆಯ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದವಳು, ಶಾಲೆಯಿಂದ ಕರೆ ಬಂದಿದೆ ಎಂದು ತೋಟದ ಲೆಕ್ಕ ಬರೆಯುವ ರೈಟರು ಹೇಳಿದ್ದೇ ತಡ, ಮಧ್ಯಾಹ್ನದ ಬುತ್ತಿಯನ್ನೂ ಬಿಚ್ಚದೆ ಓಡಿ ಬಂದಿದ್ದಳು. ಸೀರೆಯ ಮೇಲೆ ತೊಟ್ಟಿದ್ದ ಗಂಡನ ಹಳೆಯ ಶರ್ಟಿನ ತೋಳು ಹಣ್ಣಿನ ಅಂಟಿಗೆ ಕಪ್ಪಗಾಗಿತ್ತು. ಒಳಗೆ, ಗೋಡೆಗೆ ಬೆನ್ನು ಹಚ್ಚಿ, ಐದನೆಯ ಕ್ಲಾಸಿನ ಮಗಳು ಸೌಜನ್ಯ ನೆಲ ನೋಡುತ್ತಿದ್ದಳು.

"ಯಾವ ಚೀಟಿ ಸಾ?"

ದೇವೀರಪ್ಪನವರು ಮೇಜಿನ ಮೇಲಿನ ದಪ್ಪ ಪುಸ್ತಕ ಬಿಚ್ಚಿ ಬೆರಳಿಟ್ಟರು. "ನಿಮ್ಮ ಮಗಳಿಗೆ ಅಕ್ಷರಜ್ಞಾನವೇ ಇಲ್ಲ, ಕೂಡಲೇ ಬಂದು ಕಾಣತಕ್ಕದ್ದು. ಆರಕ್ಕೂ ನಂಬರ್ ಹಾಕಿ ಇಟ್ಟಿದೀನಿ. ನಾಳೆ ಮೇಲಿನೋರು ಬಂದು ಕೇಳಿದ್ರೆ ನನ್ ತಪ್ಪು ಇಷ್ಟೂ ಇಲ್ಲ."

ಅಕ್ಷರಜ್ಞಾನವೇ ಇಲ್ಲ.

ಆ ಚೀಟಿಗಳನ್ನು ಮಾರಮ್ಮ ಬಲ್ಲಳು. ಒಂದೊಂದಕ್ಕೂ ಕುಂಕುಮ ಹಚ್ಚಿ ದೇವರ ಪಟದ ಹಿಂದೆ ಇಟ್ಟಿದ್ದವಳು ಅವಳೇ. ಚೀಟಿ ಬಂದ ಸಂಜೆ ಮಗಳು ಕೈಕಾಲು ತೊಳೆದು ಬಾಗಿಲಲ್ಲಿ ನಿಂತು ಓದುತ್ತಿದ್ದಳು. "ಸೌಜನ್ಯ ಬಹಳ ಶ್ರದ್ಧೆಯಿಂದ ಓದುತ್ತಿದ್ದಾಳೆ. ಆಕೆಯ ತಾಯಿಗೆ ಶಾಲೆಯ ವಂದನೆಗಳು." ಎಸ್ಟೇಟಿನ ಕೂಲಿಮನೆಗಳ ಲೈನಿನ ಹೆಂಗಸರೆಲ್ಲ ಕೇಳಲು ಬರುತ್ತಿದ್ದರು. ಪಾಠದ ಪದ್ಯಗಳನ್ನೂ ಅಷ್ಟೇ, ಮೊದಲಿನಿಂದ ಕೊನೆಯವರೆಗೆ ಒಂದು ಕಡೆ ತಡವರಿಸದೆ, ರಾಗವಾಗಿ. ಅಕ್ಕಿ ಕೇರುತ್ತಿದ್ದ ಮೊರ ಕೈಯಲ್ಲೇ ನಿಂತು, ಮಂಗಳಾರತಿಗೆ ನಿಂತವಳ ಹಾಗೆ ಮಾರಮ್ಮ ಕೇಳುತ್ತಿದ್ದಳು. ಪುಸ್ತಕದ ಹಾಳೆ ತಿರುಗಿತೋ ಇಲ್ಲವೋ ಎಂದು ನೋಡುವುದು ಅವಳಿಗೆ ಹೊಳೆದಿರಲಿಲ್ಲ.

"ಇವ್ಳೇ ಓದ್ ಹೇಳಿದ್ಲು ಸಾ."

ಕಿಟಕಿಯ ಬಳಿ ಕುಳಿತಿದ್ದ ಟೀಚರ್ ಸುಲೋಚನಮ್ಮ ಕಿಸಕ್ಕನೆ ನಕ್ಕರು. "ಕೇಳಿದ್ರಾ ಸಾರ್? ಓದಕ್ ಬರ್ದಿರೋಳ ಕೈಲಿ ಓದಿಸ್ಕೊಂಡಿದಾಳೆ ಮಹಾತಾಯಿ."

"ಅವ್ಳಿಗೆ ಬರಾಕಿಲ್ಲ ಅಂತ ನಿಮ್ಗೆ ಗೊತ್ತಿತ್ತಲ್ವರಾ," ಅಂದಳು ಮಾರಮ್ಮ ಮೆಲ್ಲಗೆ. "ನಂಗೂ ಬರಾಕಿಲ್ಲ ಅಂತ್ಲೂ ಗೊತ್ತಿತ್ತು, ಅಡ್ಮಿಶನ್ ದಿನ ಹೆಬ್ಬೆಟ್ ಒತ್ತಿಸ್ಕಂಡೋರು ನೀವೇಯ. ಅಂಗಿದ್ರೂ ಅವ್ಳ ಕೈಲೇ ಕೊಟ್ ಕಳ್ಸಿದ್ರಾ?"

ಅವಳು ಮಗಳ ಕಡೆ ತಿರುಗಿದಳು. "ಯಾಕವ್ವ ಅಂಗೇಳ್ದೆ?"

ಸೌಜನ್ಯ ನೆಲ ನೋಡುತ್ತಲೇ ಹೇಳಿದಳು. "ಏನ್ ಬರ್ದಿದಾರೋ ಗೊತ್ತಾಗ್ಲಿಲ್ಲ. ಮೊದ್ಲು ಸುಮ್ಕೆ ಹೇಳ್ದೆ. ನೀನು ನಕ್ಬುಟ್ಟೆ ಅವ್ವ. ಅದ್ಕೇ ಆಮ್ಯಾಕೂ ಅದ್ನೇ ಹೇಳ್ದೆ."

ದೇವೀರಪ್ಪನವರು ಒಂದು ಕಾಗದವನ್ನು ಮುಂದಕ್ಕೆ ತಳ್ಳಿದರು. "ಆದದ್ದಾಯ್ತು. ನನ್ನ ಸ್ವಇಚ್ಛೆಯಿಂದ ಮಗಳನ್ನ ಬಿಡಿಸ್ತಿದೀನಿ ಅಂತ ಇದ್ರಲ್ಲಿ ಐತೆ. ಹೆಬ್ಬೆಟ್ ಒತ್ತು, ಟಿಸಿ ಕೊಡ್ತೀನಿ. ಮಾರ್ಚಿಗೆ ಪರೀಕ್ಷೆ ಐತೆ, ಇಂಥ ಮುಂಡೇವು ಕೂತ್ರೆ ಸ್ಕೂಲಿನ ಮಾನ ಹೋಗುತ್ತೆ. ಎಸ್ಟೇಟಿನಲ್ಲಿ ಸಸಿಗೆ ನೀರು ಹುಯ್ಕೊಂಡಿರ್ಲಿ."

"ಓದು ಕಲ್ಸಿ ಸಾ."

"ಕಲ್ಸಿಲ್ಲ ಅಂದೋರು ಯಾರು? ಹಿಂದುಳಿದ ಮಕ್ಕಳಿಗೆ ಅಂತಲೇ ದಿನಾ ಊಟ ಆದ ಮೇಲೆ ಪರಿಹಾರ ಬೋಧನೆ ಪಿರಿಯಡ್ಡು ಐತೆ. ನೋಡಿಲ್ಲಿ, ಎಂಬತ್ತು ದಿನದ ಹಾಜರಿ. ತಲೇಲಿ ಸಗಣಿ ತುಂಬಿದ್ರೆ ನಾವೇನ್ ಮಾಡೋಣ?"

ಮಾರಮ್ಮ ಕಾಗದವನ್ನು ಮುಟ್ಟಲಿಲ್ಲ. "ನಾವು ಕಾಫಿ ಕೊಯ್ಯಾಗ ಹಣ್ಣ ಬಿಡಿಸ್ಕಂಡು ಹಸರ್ ಕಾಯ ಗಿಡದಾಗೇ ಬುಡ್ತೀವಿ ಸಾ. ಎರಡ್ನೇ ಸುತ್ತಿಗೆ ಅದೇ ಗಿಡದ ತಾವ್ಕೆ ಬತ್ತೀವಿ. ಹಸರೈತೆ ಅಂತ ಗಿಡಾನೇ ಕಡಿಯಾಕಿಲ್ಲ. ನಾನ್ ಹೆಬ್ಬೆಟ್ ಒತ್ತಾಕಿಲ್ಲ."

"ಲೈನಿನೋರಿಗೂ ನಾಲಗೆ ಬಂತು," ಅಂದರು ಸುಲೋಚನಮ್ಮ.

ಅಷ್ಟರಲ್ಲಿ ಊಟದ ವೇಳೆ ಮುಗಿದ ಗಂಟೆ ಹೊಡೆಯಿತು. ದೇವೀರಪ್ಪನವರು ಬೇಸರದಿಂದ ಸೌಜನ್ಯಳ ಕಡೆ ಕೈ ಬೀಸಿದರು. "ಹೋಗೇ, ನಿನ್ ಪಿರಿಯಡ್ಡಿಗೆ ಹೋಗು."

ಹುಡುಗಿಯ ಮುಖ ಅರಳಿತು. ಅಮ್ಮನ ಮೈಗೆ ತಾಗಿಕೊಂಡೇ ಹೊರಗೆ ಓಡಿದಳು. ಮಗಳು ಕ್ಲಾಸಿನೊಳಗೆ ಹೋಗುವುದನ್ನು ಕಣ್ಣಾರೆ ಕಂಡು ಹೋಗೋಣವೆಂದು ಮಾರಮ್ಮ ಜಗಲಿಗೆ ಬಂದಳು. ಸೌಜನ್ಯ ಐದನೆಯ ಕ್ಲಾಸಿನ ಬಾಗಿಲು ದಾಟಿದಳು. ನಾಲ್ಕನೆಯದನ್ನೂ ದಾಟಿದಳು. ಅಡುಗೆಮನೆಯ ಹಿಂದಕ್ಕೆ ತಿರುಗಿ ಮರೆಯಾದಳು.

ಮಾರಮ್ಮ ಹಿಂದೆಯೇ ಹೋದಳು. ನಲ್ಲಿಯ ಬಳಿ ಲೈನಿನ ಇನ್ನಿಬ್ಬರು ಹುಡುಗಿಯರು ಸಾರಿನ ಹಂಡೆಯೊಳಗೆ ಅರ್ಧ ಮೈ ಬಗ್ಗಿಸಿ ತಿಕ್ಕುತ್ತಿದ್ದರು. "ಬಿರ್‍ನೆ ಬಾರೆ, ತಟ್ಟೆ ಎಲ್ಲ ನಿಂಗೇ ಮಡಗಿದೀವಿ," ಅಂದಳು ಒಬ್ಬಳು. ಸೌಜನ್ಯ ಲಂಗ ಎತ್ತಿ ಸಿಕ್ಕಿಸಿ, ತಟ್ಟೆಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ನಾರು ಕೈಗೆತ್ತಿಕೊಂಡಿದ್ದಳು.

"ಕ್ಲಾಸಿಗೋಗ್ಲಿಲ್ವೇನೇ?"

"ಇದೇ ಕಣವ್ವ ಪರಿಹಾರ ಬೋಧನೆ. ಟೀಚರ್ ಇಲ್ಲಿಗೇ ಬಂದು ಹಾಜರಿ ಹಾಕ್ಕಂಡ್ ಹೋಯ್ತಾರೆ." ಅವಳ ದನಿಯಲ್ಲಿ ನಾಚಿಕೆಯಾಗಲಿ ದೂರಾಗಲಿ ಇರಲಿಲ್ಲ. "ನಾನ್ ಒಂದಿನಾನೂ ತಪ್ಸಿಲ್ಲ."

ಮಾರಮ್ಮ ನಲ್ಲಿ ನಿಲ್ಲಿಸಿದಳು. ಬಗ್ಗಿ, ಎಂಜಲು ತಟ್ಟೆಗಳನ್ನು ಎರಡೂ ತೋಳಲ್ಲಿ ತಬ್ಬಲಾಗುವಷ್ಟು ಎತ್ತಿಕೊಂಡಳು. ಸಾರು ಶರ್ಟಿನ ತೋಳಿನಗುಂಟ ಇಳಿದು ಜಗಲಿಯುದ್ದಕ್ಕೂ ತೊಟ್ಟಿಕ್ಕಿತು. ಈ ಸಲ ಅವಳು ಹೊಸ್ತಿಲ ಬಳಿ ನಿಲ್ಲಲಿಲ್ಲ. ನೇರ ಒಳಗೆ ಹೋಗಿ, ಬಿಚ್ಚಿಟ್ಟಿದ್ದ ಹಾಜರಿಯ ಮೇಲೆ, ಟಿಸಿಯ ಕಾಗದದ ಮೇಲೆ, ಅಷ್ಟನ್ನೂ ಇಟ್ಟಳು.

"ಏಯ್, ಬೋಳಿಮುಂಡೆ, ಸರ್ಕಾರಿ ರೆಕಾರ್ಡ್ ಕಣೇ ಅದು."

ದೇವೀರಪ್ಪನವರು ಪುಸ್ತಕ ಎಳೆದರು. ಬರಲಿಲ್ಲ. ಮಾರಮ್ಮ ತಟ್ಟೆಗಳ ಮೇಲೆ ಎರಡೂ ಅಂಗೈ ಊರಿ ನಿಂತಿದ್ದಳು. ಹಳದಿ ನೀರು ಎಂಬತ್ತು ದಿನಗಳ ಹಾಜರಿಯ ಮೇಲೆ ನಿಧಾನವಾಗಿ ಹರಡುತ್ತಿತ್ತು.

ಹಿಂದಿನಿಂದ ಯಾರೋ ಅವಳ ಶರ್ಟು ಜಗ್ಗಿದರು. ಸೌಜನ್ಯ. ಕೈತುಂಬ ಸೋಪಿನ ನೊರೆ, ಕಣ್ಣಲ್ಲಿ ನೀರು.

"ಬೈತಾರೆ ಕಣವ್ವ. ತತ್ತ ಇಲ್ಲಿ, ಒಂದ್ ಗಳಿಗೇಲಿ ತೊಳ್ದ್ಬುಡ್ತೀನಿ."