ಕೂತು ಕೇಳಿದ ಗಾಳಿಯಕ್ಕ

ಆಸ್ಪತ್ರೆಯ ಬಟ್ಟೆ ಒಗೆಯುವ ಆ ಶೆಡ್ಡಿನಲ್ಲಿ ಹಬೆ ಸದಾ ಮೋಡದಂತೆ ತೇಲುತ್ತಿತ್ತು. ಆ ಮೋಡದೊಳಗಿಂದ ಸರ್ರನೆ ಬಂದು ಸರ್ರನೆ ಮಾಯವಾಗುತ್ತಿದ್ದ ಹೊಸ ಸೂಪರ್‌ವೈಸರಿಗೆ ಕೆಲಸದವರು ಇಟ್ಟ ಹೆಸರು ಗಾಳಿಯಕ್ಕ. ಯಾರು ಏನು ಹೇಳಲು ಬಂದರೂ ಅವಳ ಒಂದು ಕಾಲು ಆಗಲೇ ಮುಂದಿನ ಯಂತ್ರದ ಕಡೆ ಹೊರಟಿರುತ್ತಿತ್ತು. ಕೆಲಸವೇನೋ ಸಾಗುತ್ತಿತ್ತು, ಅವಳು ಬಂದ ಕಡೆ ಮಾತು ಮಾತ್ರ ನಿಂತುಹೋಗುತ್ತಿತ್ತು.

ಒಂದು ಸಂಜೆ ಮನೆಯಲ್ಲಿ ಗಾಳಿಯಕ್ಕನ ಅಮ್ಮ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇವಳು ಬಾಗಿಲು ದಾಟಿದ್ದಳು.

"ನಿನ್ನ ಹತ್ರ ಮಾತಾಡ್ಬೇಕಂದ್ರೆ ಹಿಂದೆ ಓಡ್ಬೇಕು ಕಣೇ. ನನ್ನ ಮಂಡಿ ಒಪ್ಪಲ್ಲ," ಎಂದು ಅಮ್ಮ ನಕ್ಕಳು.

ಇವಳೂ ನಕ್ಕಳು. ಆದರೆ ಆ ಮಾತು ಹಲ್ಲಿಗೆ ಸಿಕ್ಕ ನಾರಿನಂತೆ ಬಿಡಲೇ ಇಲ್ಲ. ಮರುದಿನದಿಂದ ಒಂದೇ ಒಂದು ಅಭ್ಯಾಸ ಹಚ್ಚಿಕೊಂಡಳು: ಯಾರಾದರೂ ಮಾತಾಡಲು ಬಂದರೆ ಕೂತುಬಿಡುವುದು. ಮೆಟ್ಟಿಲೋ, ಬೋರಲು ಹಾಕಿದ ಬುಟ್ಟಿಯೋ, ಸಿಕ್ಕಿದ್ದರ ಮೇಲೆ. ಎಷ್ಟೋ ಸಲ ಮರೆತು, ಅರ್ಧ ದಾರಿಯಿಂದ ಹಿಂದಿರುಗಿ ಬಂದು ಕೂತಳು. "ಅಕ್ಕನಿಗೆ ಸೊಂಟ ಹಿಡ್ಕೊಂಡಿದೆ," ಎಂದು ಇಸ್ತ್ರಿಯವನು ಸುದ್ದಿ ಹಬ್ಬಿಸಿದ.

ಹೀಗಿರುವಾಗ ಒಂದು ಮಧ್ಯಾಹ್ನ, ಬೆಡ್‌ಶೀಟ್ ಮಡಚುವ ಗುಬ್ಬಿ ಎಂಬವಳು ಬಂದು, ಕೆಲಸ ಬಿಡುತ್ತೇನೆ ಎಂದಳು. ಮೊದಲೇ ಮಾತು ಕಮ್ಮಿಯ ಹುಡುಗಿ.

'ಇಷ್ಟು ಕೆಲಸ ಬಿದ್ದಿರುವಾಗಲಾ?' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಗಾಳಿಯಕ್ಕ ಬುಟ್ಟಿ ಎಳೆದುಕೊಂಡು ಕೂತಳು. ಗುಬ್ಬಿಯೂ ಕೂತಳು. ಹಬೆ ಇಬ್ಬರ ನಡುವೆ ಬಂದು ಹೋಯಿತು. ಯಂತ್ರಗಳು ಎಲ್ಲೋ ದೂರದ ಹೊಳೆಯಂತೆ ಮೊರೆಯುತ್ತಿದ್ದವು.

"ಅಕ್ಕಾ, ನಮ್ಮಮ್ಮ ಹೋದಾಗ ಇಂಥದ್ದೇ ಬಿಳೀ ಬಟ್ಟೆ ಹೊದಿಸಿದ್ರು. ಈಗ ಒಂದೊಂದು ಮಡಚುವಾಗ್ಲೂ ಒಳಗೆ ಅವಳಿದಾಳೆ ಅನ್ಸತ್ತೆ."

ಗಾಳಿಯಕ್ಕ ಏಳಲಿಲ್ಲ. ಕೂತೇ ಇದ್ದಳು. ಗುಬ್ಬಿ ಅತ್ತಳು. ಅತ್ತು ಮುಗಿದ ಮೇಲೆ ಅಮ್ಮನ ಸುದ್ದಿ ಹೇಳಿದಳು: ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳಂತೆ.

"ಬಣ್ಣದ ಬಟ್ಟೆ ಕಡೆ ಬರ್ತೀಯಾ? ವಾರ್ಡಿನ ಪರದೆ, ಮಕ್ಕಳ ಅಂಗಿ..." ಗಾಳಿಯಕ್ಕ ಕೇಳಿದಳು.

"ಬರ್ಬಹುದಾ?"

"ಏನಾಯ್ತು ಅಂತ ನಾನು ಮೊದ್ಲೇ ಕೇಳ್ಬೇಕಿತ್ತು."

"ಕೇಳಿದ್ರಿ ಅಕ್ಕಾ. ಹೇಳೋಷ್ಟರಲ್ಲಿ ಹೋಗ್ಬಿಟ್ಟಿದ್ರಿ."

ಇಬ್ಬರಿಗೂ ನಗು ಬಂತು.

ಕೆಲವು ದಿನಗಳ ನಂತರ ಗುಬ್ಬಿ ತಾರಸಿಯ ಮೇಲೆ ಹಸಿರು ಪರದೆಗಳನ್ನು ಒಣಹಾಕುತ್ತಿದ್ದಳು. ಅವು ಉಬ್ಬಿ ಉಬ್ಬಿ, ತಾರಸಿಯೇ ಹಾಯಿ ಬಿಚ್ಚಿ ಎಲ್ಲಿಗೋ ಹೊರಟಂತಿತ್ತು. ಏನೋ ಹೇಳಲೆಂದು ಹತ್ತಿ ಬಂದ ಗಾಳಿಯಕ್ಕ ಅದನ್ನು ಮರೆತು, ಪರದೆಯ ಇನ್ನೊಂದು ತುದಿ ಹಿಡಿದಳು.